ಊರು ಇಳಿದ ಮೇಲೆ ಉಳಿದವರು

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಬದರಿನಾಥದಿಂದ ಮೂರು ಕಿಲೋಮೀಟರ್ ಆಚೆಗೆ, ಸುಮಾರು 3,200 ಮೀಟರ್ ಎತ್ತರದಲ್ಲಿ ಮಾಣಾ ಎಂಬ ಹಳ್ಳಿಯಿದೆ. ಟಿಬೆಟಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ದೇಶದ ಕೊನೆಯ ಹಳ್ಳಿ ಎಂದು ಹಿಂದೆ ಅಲ್ಲೊಂದು ಫಲಕವಿತ್ತು. 2023ರಲ್ಲಿ ಅದನ್ನು ತೆಗೆದು ಮೊದಲ ಹಳ್ಳಿ ಎಂದು ಬರೆಸಲಾಯಿತು. ಫಲಕ ಏನೇ ಹೇಳಲಿ, ಹಿಮಗಾಲ ಸಮೀಪಿಸಿದಂತೆ ಅಲ್ಲಿಯ ಭೋಟಿಯಾ ಜನರು ಮನೆಗೆ ಬೀಗ ಹಾಕಿ, ದನಕರು, ಉಣ್ಣೆ, ಮಕ್ಕಳು ಮರಿಗಳೊಂದಿಗೆ ಕೆಳಗಿನ ಕಣಿವೆಯ ಊರುಗಳಿಗೆ ಇಳಿದುಬಿಡುತ್ತಾರೆ. ಹಿಮ ಕರಗಿದ ಮೇಲೆಯೇ ಅವರು ಮರಳಿ ಏರುವುದು. ತಲೆಮಾರುಗಳಿಂದ ಇದು ಹೀಗೆಯೇ ನಡೆದಿದೆ.

ಮನುಷ್ಯರ ಮಾತಷ್ಟೇ ಅಲ್ಲ, ದೇವರೂ ಇಳಿಯುತ್ತಾನೆ. ನವೆಂಬರಿನಲ್ಲಿ ಬದರಿನಾಥನ ಗುಡಿಯ ಬಾಗಿಲು ಮುಚ್ಚುತ್ತದೆ. ಚಳಿಗಾಲದ ಪೂಜೆ ಕೆಳಗೆ ಪಾಂಡುಕೇಶ್ವರ ಮತ್ತು ಜೋಶಿಮಠಗಳಲ್ಲಿ ನಡೆಯುತ್ತದೆ. ಕೇದಾರನಾಥನ ಉತ್ಸವಮೂರ್ತಿಯೂ ಊಖೀಮಠಕ್ಕೆ ಬರುತ್ತದೆ. ಕರ್ನಾಟಕದ ವೀರಶೈವ ಪರಂಪರೆಯಿಂದ ಹೋಗಿ ಅಲ್ಲಿ ರಾವಲರಾದವರಿಗೂ ಚಳಿಗಾಲದಲ್ಲಿ ಊಖೀಮಠವೇ ಪೀಠ. ಶಿಖರದ ಕೆಳಗೆ ಹಿಮಗಾಲದಲ್ಲಿ ಮಲಗಬಾರದು ಎಂಬ ಅರಿವು ಆ ಸೀಮೆಯಲ್ಲಿ ಶಾಸ್ತ್ರವಾಗಿ, ಉತ್ಸವವಾಗಿ, ಬದುಕಿನ ಪದ್ಧತಿಯಾಗಿ ಬೇರೂರಿದೆ.

2025ರ ಫೆಬ್ರವರಿ 28ರ ಬೆಳಗಿನ ಜಾವ ಇದೇ ಮಾಣಾ ಮತ್ತು ಬದರಿನಾಥದ ನಡುವೆ ಭಾರೀ ಹಿಮಕುಸಿತವಾಯಿತು. ಅದರ ಕೆಳಗೆ ಸಿಕ್ಕಿದ್ದು ಊರಿನವರಲ್ಲ; ಊರಿನವರು ತಿಂಗಳುಗಳ ಹಿಂದೆಯೇ ಇಳಿದುಹೋಗಿದ್ದರು. ಸಿಕ್ಕಿದವರು ಗಡಿ ರಸ್ತೆಯ ಹಿಮ ತೆರವುಗೊಳಿಸಲು ನಿಯೋಜಿತರಾಗಿದ್ದ 54 ಕಾರ್ಮಿಕರು. ಬಿಹಾರ, ಉತ್ತರಪ್ರದೇಶ, ಹಿಮಾಚಲ, ಉತ್ತರಾಖಂಡ ಮುಂತಾದ ಕಡೆಗಳಿಂದ ದುಡಿಮೆಗೆ ಬಂದವರು. ಕಬ್ಬಿಣದ ಕಂಟೇನರುಗಳಲ್ಲಿ ಅವರ ವಾಸ. ಸೈನಿಕರು ಮತ್ತು ರಕ್ಷಣಾ ಪಡೆಗಳು ಬೀಳುವ ಹಿಮದಲ್ಲಿಯೇ ಮೂರು ದಿನ ಅಗೆದು 46 ಜನರನ್ನು ಜೀವಂತ ಹೊರತಂದರು. 8 ಮಂದಿ ಮಡಿದರು. ಕಂಟೇನರಿನೊಳಗೆ ಉಳಿದ ಗಾಳಿಯೇ ಅನೇಕರನ್ನು ಉಳಿಸಿತೆಂದು ಬದುಕಿ ಬಂದವರು ಹೇಳಿದರು.

ಹಿಂದಿನ ದಿನ ಸಂಜೆ ಐದು ಗಂಟೆಗೆ, ಚಂಡೀಗಢದಲ್ಲಿರುವ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯು ಚಮೋಲಿಯೂ ಸೇರಿದಂತೆ ಐದು ಜಿಲ್ಲೆಗಳ 2,400 ಮೀಟರಿಗಿಂತ ಎತ್ತರದ ಪ್ರದೇಶಗಳಿಗೆ ಇಪ್ಪತ್ತನಾಲ್ಕು ಗಂಟೆಗಳ ಹಿಮಕುಸಿತದ ಎಚ್ಚರಿಕೆಯನ್ನು ಹೊರಡಿಸಿತ್ತು. ಎಚ್ಚರಿಕೆಯಿತ್ತು. ಊರಿನವರ ಪರಂಪರೆಯ ಎಚ್ಚರಿಕೆಯೂ ಇತ್ತು, ವಿಜ್ಞಾನಿಗಳ ಎಚ್ಚರಿಕೆಯೂ ಇತ್ತು. ಆದರೂ ಐವತ್ತನಾಲ್ಕು ಜನ ಆ ರಾತ್ರಿ ಅಲ್ಲಿಯೇ ಮಲಗಿದ್ದರು. ಈ ಲೇಖನದ ವಿಷಯ ಅದೇ.

ಬಿಸಿಲು ಕಾಲದಲ್ಲಿಯೂ ಮಂಜು ಕಂಡರೆ ಹಿಗ್ಗುವ ಮಲೆನಾಡಿನ ನಮ್ಮ ಪತ್ರಿಕೆಗೆ ಹಿಮಾಲಯದ ಹಿಮದ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಒಂದು ಕಾರಣ ಹಳೆಯದು. 1974ರ ಮಾರ್ಚ್‌ನಲ್ಲಿ ಇದೇ ಚಮೋಲಿ ಜಿಲ್ಲೆಯ ರೈಣಿ ಎಂಬ ಹಳ್ಳಿಯಲ್ಲಿ ಗೌರಾದೇವಿ ಮತ್ತು ಸಂಗಡಿಗ ಹೆಣ್ಣುಮಕ್ಕಳು ಮರಗಳನ್ನು ತಬ್ಬಿ ನಿಂತು ಕಡಿಯಲು ಬಂದವರನ್ನು ಹಿಂದಕ್ಕೆ ಕಳಿಸಿದರು. ಆ ಚಿಪ್ಕೋದ ಗಾಳಿ ಸುಂದರಲಾಲ ಬಹುಗುಣರ ಮೂಲಕ ನಮ್ಮ ಘಟ್ಟಕ್ಕೆ ಬೀಸಿ, 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಅಪ್ಪಿಕೋ ಆಯಿತು. ಅವರ ಬೆಟ್ಟಕ್ಕೂ ನಮ್ಮ ಬೆಟ್ಟಕ್ಕೂ ಅಂದಿನಿಂದ ನಂಟಸ್ತಿಕೆಯಿದೆ. ಇನ್ನೊಂದು ಕಾರಣ ತೀರ ಹೊಸದು, ನಮ್ಮ ಮನೆಯದು. ಪಕ್ಕದ ಮನೆಯ ಹುಡುಗ, ಪದವಿ ತರಗತಿಯಲ್ಲಿ ಓದುವವನು, ಜನವರಿಯಲ್ಲಿ ಉತ್ತರಕಾಶಿಯ ಕೇದಾರಕಂಠಕ್ಕೆ ಹಿಮದ ಚಾರಣಕ್ಕೆ ಹೋಗುವುದಾಗಿ ಹೇಳಿ, ನನ್ನ ಹಳೆಯ ಉಣ್ಣೆಯ ಕೋಟನ್ನು ಕೇಳಲು ಬಂದಿದ್ದ. "ಅಲ್ಲಿ ಹಿಮ ಜರಿದರೆ ಏನು ಮಾಡುತ್ತೀಯೋ?" ಎಂದೆ. "ಮಾವ, ಕಂಪನಿಯವರು ಎಲ್ಲಾ ನೋಡಿಕೊಳ್ಳುತ್ತಾರೆ" ಎಂದ. ನಮ್ಮ ಕಾಲೇಜುಗಳಿಂದ ವರ್ಷವರ್ಷ ಹೀಗೆ ಹೊರಡುವವರು ಹೆಚ್ಚುತ್ತಿದ್ದಾರೆ.

ಮೊದಲು ಒಂದು ಮಾತಿನ ಗೊಂದಲವನ್ನು ಬಿಡಿಸಬೇಕು. ನಮ್ಮ ಪತ್ರಿಕೆಗಳಲ್ಲಿ ಹಿಮ ಬೀಳುವುದಕ್ಕೂ ಹಿಮ ಜರಿಯುವುದಕ್ಕೂ 'ಹಿಮಪಾತ' ಎಂಬ ಒಂದೇ ಪದ ಬಳಕೆಯಾಗುವುದುಂಟು. ಮಳೆ ಬಂತು ಎನ್ನುವುದಕ್ಕೂ ದರೆ ಜರಿಯಿತು ಎನ್ನುವುದಕ್ಕೂ ಒಂದೇ ಮಾತಿದ್ದರೆ ಮಲೆನಾಡಿನವರು ಬದುಕಿರುತ್ತಿದ್ದೆವೆ? ಆಕಾಶದಿಂದ ಬೀಳುವುದು ಹಿಮಪಾತ. ಇಳಿಜಾರಿನಿಂದ ಕಿತ್ತು ಬರುವುದು ಹಿಮಕುಸಿತ. ಮೊದಲನೆಯದು ನಿಂತ ಮೇಲೆ ಎರಡನೆಯದರ ಅಪಾಯ ನಿಲ್ಲುವುದಿಲ್ಲ. ಅನೇಕ ವೇಳೆ ಆಗಲೇ ಅದು ಅತ್ಯಂತ ತೀವ್ರವಾಗಿರುತ್ತದೆ. ಬಿರುಗಾಳಿ ಕಳೆದು ಆಕಾಶ ತಿಳಿಯಾಗಿ, ಬಿಸಿಲಿಗೆ ಬೆಟ್ಟವೆಲ್ಲ ಬೆಳ್ಳಿಯಂತೆ ಹೊಳೆಯುವಾಗ, ಇನ್ನು ಹೊರಡೋಣ ಎಂದು ಮನಸ್ಸು ಹೇಳುವ ಆ ಒಂದೆರಡು ದಿನಗಳಲ್ಲಿಯೇ ಜಗತ್ತಿನಾದ್ಯಂತ ಬಹಳಷ್ಟು ಜೀವಗಳು ಹೋಗಿವೆ.

ಕಾರಣವನ್ನು ತಿಳಿಯುವುದು ಕಷ್ಟವೇನಲ್ಲ. ಅಡಕೆ ಹಾಳೆಯ ಮೇಲೆ ಕೂತು ಗುಡ್ಡ ಜಾರಿದ ಯಾರಿಗಾದರೂ ಅರ್ಥವಾಗುತ್ತದೆ. ಬೆಟ್ಟದ ಮೇಲಿನ ಹಿಮವು ಒಂದೇ ಮುದ್ದೆಯಲ್ಲ. ಒಂದೊಂದು ಬಿರುಗಾಳಿಯೂ ಒಂದೊಂದು ಪದರವನ್ನು ಹಾಸಿ ಹೋಗುತ್ತದೆ. ಎರಡು ಬಿರುಗಾಳಿಗಳ ನಡುವೆ ಆಕಾಶ ತಿಳಿಯಾಗಿದ್ದು ರಾತ್ರಿಗಳು ಕಡುಚಳಿಯಾದರೆ, ಹಿಮದ ಬುಡ ನೆಲದ ಬಿಸುಪಿನಿಂದ ಸೊನ್ನೆ ಡಿಗ್ರಿಯ ಸಮೀಪವೂ ಮೇಲ್ಮೈ ಅದಕ್ಕಿಂತ ಎಷ್ಟೋ ತಣ್ಣಗೂ ಇರುತ್ತದೆ. ಆಗ ಕೆಳಗಿನಿಂದ ನೀರಾವಿ ಹಿಮದೊಳಗೇ ಮೇಲಕ್ಕೆ ಚಲಿಸಿ, ಒಂದಕ್ಕೊಂದು ಅಂಟಿದ್ದ ಮೃದುವಾದ ಕಣಗಳನ್ನು ಸಕ್ಕರೆಯಂಥ ಬಿಡಿಬಿಡಿ ಹರಳುಗಳನ್ನಾಗಿ ಮಾರ್ಪಡಿಸುತ್ತದೆ. ಹಿಮದ ಹೊದಿಕೆ ತೆಳುವಾಗಿದ್ದಷ್ಟೂ ಈ ಕ್ರಿಯೆ ಚುರುಕು. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗದೆ ಸುರಿದುಹೋಗುವ ಹಿಮ ಅದು. ಅದರ ಮೇಲೆ ಮುಂದಿನ ಬಿರುಗಾಳಿ ಮೂರು ನಾಲ್ಕು ಅಡಿ ಹೊಸ ಹಿಮವನ್ನು ಸುರಿದು, ಗಾಳಿ ಅದನ್ನು ಬಿಗಿದು ಗಟ್ಟಿಯಾದ ಹಾಸನ್ನು ಮಾಡಿದರೆ, ಸಕ್ಕರೆಯ ರಾಶಿಯ ಮೇಲೆ ಚಪ್ಪಡಿ ಇಟ್ಟಂತಾಯಿತು. ಚಪ್ಪಡಿಯ ಒಂದು ಕಡೆ ಒಬ್ಬನ ಕಾಲು ಬಿದ್ದರೂ ಸಾಕು, ಒಳಗಿನ ದುರ್ಬಲ ಪದರ ಕುಸಿದು, ಬಿರುಕು ಕ್ಷಣಾರ್ಧದಲ್ಲಿ ಇಳಿಜಾರಿನ ಉದ್ದಕ್ಕೂ ಓಡುತ್ತದೆ. ಇಡೀ ಹಾಸು ಒಂದೇ ಬಾರಿಗೆ ಜಾರುತ್ತದೆ.

ಇಳಿಜಾರಿನ ಮಾತು ಮುಖ್ಯವಾದುದು. ತೀರ ಕಡಿದಾದ ಬಂಡೆಯಲ್ಲಿ ಹಿಮ ನಿಲ್ಲುವುದೇ ಇಲ್ಲ, ಬಿದ್ದಷ್ಟೂ ಉದುರಿಹೋಗುತ್ತದೆ. ತೀರ ಓರೆ ಕಡಿಮೆಯಾದಲ್ಲಿ ಜಾರುವುದಿಲ್ಲ. ಸುಮಾರು 30ರಿಂದ 45 ಡಿಗ್ರಿಯ ನಡುವಿನ ಓರೆಯಲ್ಲಿಯೇ ಬಹುಪಾಲು ಹಿಮಕುಸಿತಗಳು ಹುಟ್ಟುತ್ತವೆ. ಕಣದಲ್ಲಿ ಭತ್ತದ ರಾಶಿ ತಾನಾಗಿ ನಿಲ್ಲುವ ಓರೆಗಿಂತ ತುಸು ಕಡಿದು ಎಂದುಕೊಳ್ಳಬಹುದು. ಹತ್ತಲು ಹಿತವೆನಿಸುವ, ಜಾರಿ ಆಡಲು ಸೊಗಸೆನಿಸುವ ಓರೆಯೂ ಹೆಚ್ಚು ಕಡಿಮೆ ಇದೇ. ಆದರೆ ಕುಸಿತ ಹುಟ್ಟುವ ಸ್ಥಳ ಒಂದು, ಬಂದು ನಿಲ್ಲುವ ಸ್ಥಳ ಇನ್ನೊಂದು. ತಟ್ಟಾದ ಕಣಿವೆಯ ತಳದಲ್ಲಿ ಡೇರೆ ಹೂಡಿ ನಿಶ್ಚಿಂತರಾಗಿರುವವರ ಮೇಲೆ, ಕಣ್ಣಿಗೆ ಕಾಣದಷ್ಟು ಎತ್ತರದಿಂದ ಅದು ಬರಬಹುದು.

ಗಾಳಿಯ ಪಾಲನ್ನು ಹೇಳದಿದ್ದರೆ ಚಿತ್ರ ಅಪೂರ್ಣ. ಆಕಾಶದಿಂದ ಒಂದಡಿ ಹಿಮ ಬಿದ್ದಿತೆಂದು ಮಾಪನದಲ್ಲಿ ದಾಖಲಾಗಿರಬಹುದು. ಗಾಳಿ ಬೀಸುವ ಮಗ್ಗುಲಿನ ಹಿಮವನ್ನೆಲ್ಲ ಗುಡಿಸಿ ಏಣಿನ ಆಚೆಯ ಮರೆಯಲ್ಲಿ ಸುರಿದರೆ ಅಲ್ಲಿ ಅದರ ಹಲವು ಪಟ್ಟು ಕೂಡುತ್ತದೆ. ಏಣಿನ ಅಂಚಿನಲ್ಲಿ ಮಾಡಿನ ಸೂರಿನಂತೆ ಹಿಮ ಹೊರಚಾಚಿ ನಿಲ್ಲುವುದು ಈ ಗಾಳಿಯ ಕೆಲಸವೇ. ಅದು ಮುರಿದು ಬಿದ್ದರೆ ಕೆಳಗಿನ ಇಳಿಜಾರನ್ನೂ ಎಬ್ಬಿಸುತ್ತದೆ. ಆದುದರಿಂದ ಊರಿನಲ್ಲಿ ಎಷ್ಟು ಹಿಮ ಬಿತ್ತೆಂದು ಕೇಳಿದರೆ ಸಾಲದು, ಗಾಳಿ ಯಾವ ದಿಕ್ಕಿನದಿತ್ತು ಎಂದೂ ಕೇಳಬೇಕು. ಒಂದು ಹಗಲು ರಾತ್ರಿಯಲ್ಲಿ ಒಂದಡಿಯಷ್ಟು ಹೊಸ ಹಿಮ ಗಾಳಿಯೊಂದಿಗೆ ಬಿದ್ದಿದ್ದರೆ ಅನುಭವಿಗಳು ಆ ಇಳಿಜಾರಿನ ಗೋಜಿಗೆ ಹೋಗುವುದಿಲ್ಲ. ಪಕ್ಕದ ಬೆಟ್ಟದಲ್ಲಿ ಹೊಸದಾಗಿ ಜರಿದ ಗುರುತು, ಕಾಲ ಕೆಳಗೆ ಹಿಮ ಕುಸಿದು 'ಧುಮ್ಮ್' ಎಂದ ಸದ್ದು, ಹೆಜ್ಜೆಯಿಂದ ಮುಂದಕ್ಕೆ ಓಡಿದ ಬಿರುಕು, ಒಮ್ಮೆಗೇ ಏರಿದ ಸೆಕೆ, ಹಿಮದ ಮೇಲೆ ಬಿದ್ದ ಮಳೆ: ಇವುಗಳಲ್ಲಿ ಒಂದು ಕಂಡರೂ ಬೆಟ್ಟ ತಾನೇ ಬಾಯಿಬಿಟ್ಟು ಹೇಳಿದಂತೆ. ಮನರಂಜನೆಗೆಂದು ಹಿಮಕ್ಕೆ ಹೋಗಿ ಹೂತುಹೋದವರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಕುಸಿತವನ್ನು ಎಬ್ಬಿಸಿದವರು ಅವರೇ ಅಥವಾ ಅವರ ತಂಡದವರೇ ಎಂಬುದು ಪಶ್ಚಿಮ ದೇಶಗಳ ದೀರ್ಘಕಾಲದ ಲೆಕ್ಕ.

ಹೂತವರಿಗೆ ಎಷ್ಟು ಹೊತ್ತಿದೆ? ಸುಮಾರು ಕಾಲು ಗಂಟೆಯೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ; ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಮೃದುವಾಗಿ ಬಿದ್ದ ಹಿಮ ಜರಿದು ನಿಂತೊಡನೆ ಸಿಮೆಂಟಿನಂತೆ ಬಿಗಿದುಕೊಳ್ಳುತ್ತದೆ. ಒಳಗಿದ್ದವರಿಗೆ ಬೆರಳು ಅಲುಗಿಸಲೂ ಆಗದು. ಆದಕಾರಣ ಹೂತವರನ್ನು ಉಳಿಸುವವರು ಹೆಲಿಕಾಪ್ಟರಿನಲ್ಲಿ ಬರುವವರಲ್ಲ, ಪಕ್ಕದಲ್ಲಿದ್ದ ಸಂಗಾತಿಗಳು. ಅವರ ಬಳಿ ಹೂತವರ ಜಾಗ ಸೂಚಿಸುವ ಟ್ರಾನ್ಸೀವರ್, ಚುಚ್ಚಿ ನೋಡುವ ಉದ್ದನೆಯ ಕೋಲು, ಸಲಿಕೆ ಈ ಮೂರೂ ಇರಬೇಕು. ಬಳಸಿ ಅಭ್ಯಾಸವೂ ಇರಬೇಕು. ನಮ್ಮ ಹುಡುಗನ ಸಾಮಾನು ಪಟ್ಟಿಯಲ್ಲಿ ತಂಪು ಕನ್ನಡಕ, ಮುಖಕ್ಕೆ ಹಚ್ಚುವ ಲೇಪ, ಬೂಟು, ಒಣಹಣ್ಣು ಎಲ್ಲವೂ ಇದ್ದವು. ಸಲಿಕೆ ಇರಲಿಲ್ಲ.

ಈ ಲೆಕ್ಕವನ್ನು ಮೀರಿ ಬದುಕಿದ ಒಬ್ಬರನ್ನು ಕನ್ನಡಿಗರು ಮರೆತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಠಾಣೆಯೊಂದು ಹಿಮದ ಅಡಿ ಮುಚ್ಚಿಹೋಗಿ ಹತ್ತು ಯೋಧರು ಸಿಲುಕಿದರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಉಸಿರಾಡುತ್ತಿದ್ದ ಸ್ಥಿತಿಯಲ್ಲಿ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಡಿದ ಹತ್ತು ಮಂದಿಯಲ್ಲಿ ಹಾಸನ ಮತ್ತು ಮೈಸೂರು ಜಿಲ್ಲೆಗಳವರೂ ಇದ್ದರು. ಆ ದಿನಗಳಲ್ಲಿ ನಮ್ಮ ಹಳ್ಳಿಯ ಶಾಲೆಯಲ್ಲಿಯೂ ಮಕ್ಕಳು ಪ್ರಾರ್ಥನೆ ಮಾಡಿದ್ದರು. ಪವಾಡವೆಂದು ಎಲ್ಲರೂ ಹೇಳಿದೆವು. ಪವಾಡದ ಮಾತು ಮುಗಿದ ಬಳಿಕ, ಆ ಠಾಣೆಯ ಮೇಲಿನ ಹಿಮದ ಗೋಡೆಯ ಬಗ್ಗೆ ಯಾರೂ ಬಹಳ ಮಾತನಾಡಲಿಲ್ಲ.

ತರಬೇತಿ ಪಡೆದವರು ಪಾರಾಗುತ್ತಾರೆಂಬ ಭರವಸೆಯೂ ಸಲ್ಲದು. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಶಿಖರದಲ್ಲಿ ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಯ ಶಿಕ್ಷಣಾರ್ಥಿಗಳ ಮೇಲೆ ಹಿಮ ಜರಿದು ಇಪ್ಪತ್ತೈದಕ್ಕೂ ಹೆಚ್ಚು ಜನ ಮಡಿದರು. ಅದೇ ವರ್ಷ ಎವರೆಸ್ಟ್ ಏರಿದ್ದ ಸವಿತಾ ಕಂಸ್ವಾಲ್ ಅವರಲ್ಲಿ ಒಬ್ಬರು. ಇನ್ನು ಹಿಮ ಜರಿಯದೆಯೇ ಬಿರುಗಾಳಿಯೊಂದೇ ಜೀವ ತೆಗೆಯಬಲ್ಲದು: 2024ರ ಜೂನ್ ಮೊದಲ ವಾರ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡದಲ್ಲಿ ಕರ್ನಾಟಕದ 9 ಮಂದಿ ಹಿಮಗಾಳಿಗೆ ಸಿಕ್ಕಿ ಅಸುನೀಗಿದರು. ಜೂನ್ ತಿಂಗಳು ಎಂಬುದನ್ನು ಗಮನಿಸಬೇಕು. ನಾವು ಇಲ್ಲಿ ಮಳೆಗೆ ಕಾದು ಕುಳಿತಿರುವ ಹೊತ್ತು.

ಇಲ್ಲೊಂದು ಎಚ್ಚರದ ಮಾತು. ಹಿಮಾಲಯದಲ್ಲಿ ಕುಸಿದದ್ದೆಲ್ಲ ಚಳಿಗಾಲದ ಬಿರುಗಾಳಿಯ ಹಿಮವಲ್ಲ. ಚಿಪ್ಕೋದ ಅದೇ ರೈಣಿಯ ಬಳಿ 2021ರ ಫೆಬ್ರವರಿ 7ರಂದು ರೋಂಟಿ ಶಿಖರದ ಮಗ್ಗುಲಿನಿಂದ ಸುಮಾರು 2.7 ಕೋಟಿ ಘನ ಮೀಟರ್ ಬಂಡೆ ಮತ್ತು ನೀರ್ಗಲ್ಲು ಕಳಚಿ ಬಿದ್ದು, ಋಷಿಗಂಗಾ ವಿದ್ಯುತ್ ಯೋಜನೆಯನ್ನು ಕೊಚ್ಚಿಕೊಂಡು, ತಪೋವನದ ಯೋಜನೆಗೂ ನುಗ್ಗಿ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದು ಬೇರೆ ಜಾತಿಯ ಕುಸಿತ, ಬಹುಪಾಲು ಬಂಡೆಯದು. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಎಲ್ಲಕ್ಕೂ ಹವಾಮಾನ ಬದಲಾವಣೆಯೇ ಕಾರಣ ಎಂದು ಭಾಷಣ ಮಾಡುವುದು ನಮ್ಮಂಥ ಪರಿಸರದವರಿಗೆ ಸುಲಭ; ಅಧಿಕಾರಿಗಳಿಗೂ ಅನುಕೂಲ, ಯಾರೂ ಹೊಣೆ ಹೊರಬೇಕಾಗಿಲ್ಲವಲ್ಲ. ಹಾಗೆಂದು ಹವಾಮಾನದ ಪಾತ್ರವಿಲ್ಲವೆಂದಲ್ಲ. ಹಿಮಾಚಲದ ಇಳಿಜಾರಿನಲ್ಲಿ ಹಿಮಕುಸಿತದ ಪೆಟ್ಟು ತಿಂದು ಬದುಕಿರುವ ಮರಗಳ ಕಾಂಡದ ಉಂಗುರಗಳನ್ನು ಓದಿದ ವಿಜ್ಞಾನಿಗಳು, ಕಳೆದ ಕೆಲವು ದಶಕಗಳಲ್ಲಿ ಅಲ್ಲಿ ಕುಸಿತಗಳು ಹೆಚ್ಚಿರುವುದನ್ನು 2018ರಲ್ಲಿ ಪ್ರಕಟಿಸಿದರು. ಚಳಿಗಾಲದ ಕೊನೆಯ ಸೆಕೆಗೆ ಹಿಮ ತೊಯ್ದು ಭಾರವಾಗಿ ಜಾರುವುದು ಒಂದು ಕಾರಣವೆಂಬುದು ಅವರ ನಿಲುವು. ಮರಕ್ಕೆ ಬಿದ್ದ ಪೆಟ್ಟು ಅದರ ಉಂಗುರದಲ್ಲಿ ವರ್ಷಸಮೇತ ದಾಖಲಾಗಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಮ್ಮ ಘಟ್ಟದ ಮರಗಳಲ್ಲಿ ಏನೇನು ಬರೆದಿದೆಯೋ, ಓದುವವರು ಬೇಕು.

ಮರದ ಮಾತು ಬಂದದ್ದರಿಂದ ಇನ್ನಷ್ಟು. ಇಳಿಜಾರಿನಲ್ಲಿ ದಟ್ಟವಾದ ಕಾಡಿದ್ದರೆ ಹಿಮ ಒಂದೇ ಹಾಸಾಗಿ ಕೂಡುವುದಿಲ್ಲ. ಕೊಂಬೆಗಳು ಹಿಮವನ್ನು ತಡೆದು ಮುದ್ದೆಮುದ್ದೆಯಾಗಿ ಉದುರಿಸುತ್ತವೆ. ಕಾಂಡಗಳು ಗೂಟದಂತೆ ಹಿಡಿದಿಡುತ್ತವೆ. ಸ್ವಿಟ್ಜರ್ಲೆಂಡಿನ ಆಂಡರ್ಮಾಟ್ ಎಂಬ ಹಳ್ಳಿಯವರು ತಮ್ಮೂರ ಮೇಲಿನ ಕಾಡಿಗೆ ಯಾರೂ ಕೊಡಲಿ ಹಾಕಬಾರದೆಂದು 1397ರಲ್ಲಿಯೇ ಕಟ್ಟಳೆ ಬರೆದಿಟ್ಟರು. ನಮ್ಮ ದೇವರಕಾಡಿನ ಕಟ್ಟಳೆಗಳನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ; ಅಲ್ಲಿ ದೇವರ ಭಯದ ಜಾಗದಲ್ಲಿ ಹಿಮದ ಭಯವಿತ್ತು, ಅಷ್ಟೆ. ಆದರೆ ಕಾಡು ಎಲ್ಲವನ್ನೂ ತಡೆಯುತ್ತದೆಂದು ಹೇಳಿದರೆ ಸುಳ್ಳಾಗುತ್ತದೆ. ಮರ ಬೆಳೆಯುವ ಗಡಿಗಿಂತ ಮೇಲೆ ಹುಟ್ಟಿದ ದೊಡ್ಡ ಕುಸಿತವು ಕಾಡನ್ನೇ ಕಿತ್ತು ತರುತ್ತದೆ. ಮಾಣಾದ ಮೇಲಿನ ಬೋಳು ಬೆಟ್ಟದಲ್ಲಿ ಮರ ನೆಡುವ ಕಾರ್ಯಕ್ರಮ ಇಟ್ಟುಕೊಂಡು ಪ್ರಯೋಜನವಿಲ್ಲ. ಅಂಥ ಕಡೆ ಮಾಡಬಹುದಾದದ್ದು ಎರಡೇ: ದಾರಿ ಬಿಟ್ಟು ದೂರ ಇರುವುದು, ಇಲ್ಲವೇ ಜಮ್ಮು–ಶ್ರೀನಗರ ಹಾದಿಯ ಜವಾಹರ ಸುರಂಗದ ಬಳಿ ಮಾಡಿರುವಂತೆ ತಡೆಗಟ್ಟುಗಳನ್ನು ಕಟ್ಟುವುದು.

ಹಿಮ ಬರುವ ದಾರಿ ಗುಟ್ಟಿನದೇನಲ್ಲ. ಸಾಮಾನ್ಯವಾಗಿ ಅದು ಬಂದ ದಾರಿಯಲ್ಲಿಯೇ ಮತ್ತೆ ಬರುತ್ತದೆ. ಕಾಶ್ಮೀರದ ವಾಲ್ಟೆಂಗು ನಾಡ್ ಎಂಬ ಬಡ ಹಳ್ಳಿಯಲ್ಲಿ 2005ರ ಫೆಬ್ರವರಿಯ ಮಹಾ ಬಿರುಗಾಳಿಯ ಬಳಿಕ ನೂರೈವತ್ತಕ್ಕೂ ಹೆಚ್ಚು ಜನ ಮನೆಗಳೊಳಗೇ ಸಮಾಧಿಯಾದರು. ಲಾಹೌಲ್ ಕಣಿವೆಯಲ್ಲಿ 1979ರ ಮಾರ್ಚ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ. ಚಮೋಲಿಯ ಸುಮ್ನಾ ಬಳಿಯ ರಸ್ತೆ ಕಾರ್ಮಿಕರ ಶಿಬಿರದ ಮೇಲೆ 2021ರ ಏಪ್ರಿಲ್ 23ರಂದು ಹಿಮ ಜರಿದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಸುಮ್ನಾ ಮತ್ತು ಮಾಣಾ ಒಂದೇ ಜಿಲ್ಲೆಯವು. ನಡುವೆ ನಾಲ್ಕು ವರ್ಷವೂ ಕಳೆದಿರಲಿಲ್ಲ. ಎರಡರಲ್ಲಿಯೂ ಸತ್ತವರು ರಸ್ತೆಯ ಕೂಲಿಗಳು, ಎರಡರಲ್ಲಿಯೂ ಮೊದಲು ಭಾರೀ ಹಿಮ ಬಿದ್ದಿತ್ತು.

ಗಡಿಯ ರಸ್ತೆ ಬೇಡವೇ, ಸೈನ್ಯಕ್ಕೆ ದಾರಿ ಬೇಡವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ರಸ್ತೆ ಬೇಕೆಂದು ನಾನೂ ಒಪ್ಪುತ್ತೇನೆ. ಚಳಿಗಾಲದಲ್ಲಿಯೂ ಅದು ತೆರೆದಿರಬೇಕೆಂಬುದಕ್ಕೆ ಸೇನೆಗೆ ಕಾರಣಗಳಿರಬಹುದು. ಆದರೆ ಹಗಲು ಯಂತ್ರದಿಂದ ಹಿಮ ತೆಗೆಯುವುದು ಒಂದು, ರಾತ್ರಿ ಇಳಿಜಾರಿನ ಬುಡದಲ್ಲಿ ಮಲಗುವುದು ಇನ್ನೊಂದು. ಮೊದಲನೆಯದರಲ್ಲಿ ಕೆಲಸದ ಅನಿವಾರ್ಯತೆಯಿದೆ. ಎರಡನೆಯದರಲ್ಲಿ ಇರುವುದು ಓಡಾಟದ ಡೀಸೆಲ್ ಖರ್ಚಿನ ಉಳಿತಾಯವೇ ಹೊರತು ದೇಶರಕ್ಷಣೆಯಲ್ಲ. ಶಿಬಿರವನ್ನು ಎಲ್ಲಿ ಹೂಡಬೇಕೆಂದು ನಿರ್ಧರಿಸುವಾಗ ಮಟ್ಟಸ ಜಾಗ, ನೀರು, ರಸ್ತೆಯ ಸಾಮೀಪ್ಯ ನೋಡುತ್ತಾರೆ. ಮೇಲೆ ತಲೆಯೆತ್ತಿ ನೋಡುವವರು ಯಾರು? ಊರಿನ ಮುದುಕರನ್ನು ಕೇಳಿದ್ದರೆ ಯಾವ ಮಗ್ಗುಲಿನಿಂದ ಹಿಮ ಬರುತ್ತದೆಂದು ಹೇಳುತ್ತಿದ್ದರು. ಆದರೆ ಕೇಳಬೇಕಾದ ಕಾಲಕ್ಕೆ ಅವರು ಕೆಳಗೆ ಇಳಿದಿರುತ್ತಾರೆ. ಗುತ್ತಿಗೆ ತೆರೆಯುವುದು ಕಚೇರಿಯಲ್ಲಿ.

ಇದು ಅವರ ನಾಡಿನ ರೋಗ ಮಾತ್ರವಲ್ಲ ಎಂದು ಹೇಳದೆ ಮುಂದುವರಿಯಲಾರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜರಿದಾಗ ಬುಡದಲ್ಲಿದ್ದದ್ದು ಒಂದು ಚಹಾದ ಅಂಗಡಿ, ಅಲ್ಲಿ ದಣಿವಾರಿಸಿಕೊಳ್ಳಲು ನಿಂತ ಲಾರಿಗಳು. ಅಲ್ಲಿ ಹಿಮ, ಇಲ್ಲಿ ಮಣ್ಣು. ಬುಡದಲ್ಲಿದ್ದವರು ಎರಡೂ ಕಡೆ ದುಡಿದು ತಿನ್ನುವ ಜನರೇ.

ಎಚ್ಚರಿಕೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ವಿಜ್ಞಾನದ ಕೊರತೆ ಇದ್ದರೂ ಅದು ದೊಡ್ಡ ಕೊರತೆಯಲ್ಲ. ಸಂಜೆ ಐದಕ್ಕೆ ಬಂದ ಎಚ್ಚರಿಕೆ ಐದು ಜಿಲ್ಲೆಗಳಿಗೆ ಸೇರಿದ ಸಾಮಾನ್ಯ ಸೂಚನೆಯಾಗಿತ್ತು, ಯಾವ ಇಳಿಜಾರು ಜರಿಯುತ್ತದೆಂದು ಅದು ಹೇಳಲಾರದು, ಯಾರೂ ಹೇಳಲಾರರು. ದೊಡ್ಡ ಕೊರತೆ ಇರುವುದು ಎಚ್ಚರಿಕೆ ಬಂದ ಮೇಲೆ. ಶಿಬಿರ ತೆರವು ಮಾಡಿಸುವ ಅಧಿಕಾರ ಯಾರಿಗೆ? ರಾತ್ರಿ ಹಿಮ ಸುರಿಯುತ್ತಿರುವಾಗ ಹೊರಡುವುದಾದರೂ ಹೇಗೆ? ಆದುದರಿಂದ ತೆರವು ಬಿರುಗಾಳಿಗೆ ಮೊದಲೇ ಆಗಬೇಕು. ಚಳಿಗಾಲದ ಮಳೆ-ಹಿಮವನ್ನು ತರುವ ಪಶ್ಚಿಮದ ಕ್ಷೋಭೆಯು ಎರಡು ಮೂರು ದಿನ ಮೊದಲೇ ಹವಾಮಾನ ಇಲಾಖೆಯ ಕಣ್ಣಿಗೆ ಬೀಳುತ್ತದೆ. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ತೆರವಾದ ದಿನಗಳ ಕೂಲಿ ಕೊಡಬೇಕು. ಈ ಮಾತು ಯಾವ ವಿಪತ್ತು ನಿರ್ವಹಣೆಯ ಭಾಷಣದಲ್ಲಿಯೂ ನನ್ನ ಕಿವಿಗೆ ಬಿದ್ದಿಲ್ಲ. ಊರಿಗೆ ಹಣ ಕಳಿಸಬೇಕಾದ ಕೂಲಿಯವನು ನಾಲ್ಕು ದಿನದ ಸಂಬಳ ಬಿಟ್ಟು ಕೆಳಗಿಳಿಯಲು ತಾನಾಗಿ ಒಪ್ಪುವುದಿಲ್ಲ. ಅವನಿಗೆ ಹಿಮದ ಭಯವಿಲ್ಲವೆಂದಲ್ಲ, ಹಸಿವಿನ ಭಯ ಹಳೆಯದು. ಬಿರುಗಾಳಿಯ ದಿನಗಳ ಕೂಲಿಯನ್ನು ಗುತ್ತಿಗೆಯ ಕರಾರಿನಲ್ಲಿಯೇ ಬರೆಯಲಿ, ಮುನ್ನೆಚ್ಚರಿಕೆಯನ್ನು ಶಿಬಿರದಲ್ಲಿ ಅವರಿಗೆ ತಿಳಿಯುವ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳಲಿ, ಓದಿ ಹೇಳಿದವರು ಸಹಿ ಹಾಕಲಿ. ಹಿಂದೆ ಹಿಮ ಬಂದ ದಾರಿಗಳ ನಕ್ಷೆಯನ್ನು ಹಳ್ಳಿಯವರನ್ನು ಕೂಡಿಸಿಕೊಂಡು ಮಾಡಿ, ಆ ದಾರಿಗಳಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಮಲಗುವ ಶಿಬಿರಕ್ಕೆ ಅನುಮತಿ ಇಲ್ಲವೆಂದು ಆಜ್ಞೆ ಮಾಡಲಿ.

ಚಾರಣದ ವ್ಯಾಪಾರದಲ್ಲಿಯೂ ಗಂಟು ಇರುವುದು ಇದೇ ಹಣದಲ್ಲಿ. ಪಕ್ಕದ ಮನೆಯ ಹುಡುಗನಿಗೆ ಕೋಟು ಕೊಡುವ ಮೊದಲು, ನಾಲ್ಕು ಪ್ರಶ್ನೆಗಳನ್ನು ಬರೆದು ಕಂಪನಿಯವರಿಗೆ ಕಳಿಸು ಎಂದೆ. ನಿಮ್ಮ ದಾರಿಯಲ್ಲಿ 30 ಡಿಗ್ರಿಗಿಂತ ಕಡಿದಾದ ಇಳಿಜಾರು ಎಲ್ಲೆಲ್ಲಿದೆ? ಬಿರುಗಾಳಿ ಕಳೆದ ಮೇಲೆ ಎಷ್ಟು ದಿನ ಕಾಯುತ್ತೀರಿ? ತಂಡದಲ್ಲಿ ಎಷ್ಟು ಸಲಿಕೆ, ಎಷ್ಟು ಟ್ರಾನ್ಸೀವರ್ ಇವೆ? ಎಚ್ಚರಿಕೆ ಬಂದು ಹಿಂದಿರುಗಬೇಕಾದರೆ ಕಟ್ಟಿದ ಹಣ ಮರಳಿ ಬರುತ್ತದೆಯೇ? ಹುಡುಗ ಮೊದಲು ನಕ್ಕ, ಆಮೇಲೆ ಬರೆದ.

ಮೂರು ದಿನದ ಬಳಿಕ ಉತ್ತರ ಬಂತು. ಅನುಭವಿ ಮಾರ್ಗದರ್ಶಕರು ಇರುತ್ತಾರೆ, ಸುರಕ್ಷತೆಯೇ ನಮ್ಮ ಆದ್ಯತೆ, ಸಲಿಕೆ ಶಿಬಿರದಲ್ಲಿ ಇರುತ್ತದೆ ಎಂದಿತ್ತು. ಇಳಿಜಾರಿನ ಪ್ರಶ್ನೆಗೂ ಕಾಯುವ ದಿನಗಳ ಪ್ರಶ್ನೆಗೂ ಮಾತಿರಲಿಲ್ಲ. ಹಣದ ಪ್ರಶ್ನೆಗೆ ಮಾತ್ರ ನೇರವಾದ ಉತ್ತರವಿತ್ತು: ಹವಾಮಾನದ ಕಾರಣದಿಂದ ರದ್ದಾದರೆ ಹಣ ಹಿಂದಿರುಗಿಸಲಾಗುವುದಿಲ್ಲ. ಹುಡುಗ ಈಗ ಅವನ ಜೊತೆ ಹೊರಟಿದ್ದ ಹತ್ತು ಗೆಳೆಯರಿಗೂ ಅದೇ ಪತ್ರವನ್ನು ತೋರಿಸುತ್ತಿದ್ದಾನೆ. ಅವರಲ್ಲಿ ನಾಲ್ವರು ಏಪ್ರಿಲ್ ಕೊನೆಗೆ, ತಗ್ಗಿನ ಬೇರೊಂದು ದಾರಿಗೆ ಬದಲಾಯಿಸೋಣ ಎನ್ನುತ್ತಿದ್ದಾರಂತೆ. ಉಳಿದವರು ಹಣ ಕಟ್ಟಿ ಆಗಿದೆ ಎನ್ನುತ್ತಿದ್ದಾರೆ.